ಕೊಡಾಕ್ ಮುಚ್ಚುತ್ತಿದೆಯೋ, ಹೊಸ ರೀಲು ತರುತ್ತಿದೆಯೋ? ಫಿಲ್ಮ್ ಮತ್ತು ಡಿಜಿಟಲ್ ಆಯ್ಕೆಯ ಅಸಲಿ ಲೆಕ್ಕ

2025ರ ಆಗಸ್ಟ್‌ನಲ್ಲಿ ಬಂದ ಒಂದು ಸುದ್ದಿ ಫೋಟೋ ತೆಗೆಯುವವರನ್ನು ಗಾಬರಿಪಡಿಸಿತು. ನೂರಮೂವತ್ತು ವರ್ಷ ದಾಟಿದ ಕೊಡಾಕ್ ಕಂಪನಿ ಇನ್ನು ನಡೆಯುವುದೇ ಅನುಮಾನ ಎಂದು ಜಗತ್ತಿನ ಎಲ್ಲ ಕಡೆ ಪತ್ರಿಕೆಗಳು ಬರೆದವು. ಸರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್‌ನಲ್ಲಿ ಅದೇ ಕಂಪನಿ ಕೊಡಾಕಲರ್ 100 ಮತ್ತು ಕೊಡಾಕಲರ್ 200 ಎಂಬ ಎರಡು ಕಲರ್ ಫಿಲ್ಮ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು.

ಮುಚ್ಚುವ ಕಂಪನಿ ಹೊಸ ರೀಲು ಯಾಕೆ ತರುತ್ತದೆ? ಗೊಂದಲ ಆಗುವುದು ಸಹಜ. ಹಳೆ ಫಿಲ್ಮ್ ಕ್ಯಾಮರಾ ಕೊಳ್ಳಬೇಕು ಅಂತ ಹುಡುಕುತ್ತಿರುವ ಹುಡುಗ ಹುಡುಗಿಯರಿಗಂತೂ ಇದು ದುಡ್ಡಿನ ಪ್ರಶ್ನೆ. ನಾಳೆ ರೀಲೇ ಸಿಗದಿದ್ದರೆ ಆ ಕ್ಯಾಮರಾ ಶೋಕೇಸ್ ಗೊಂಬೆ ಅಷ್ಟೇ ಅಲ್ವಾ?

ಉತ್ತರ ಸಿಗಬೇಕಾದರೆ "ಫಿಲ್ಮ್ ಚೆಂದವೋ ಡಿಜಿಟಲ್ ಚೆಂದವೋ" ಎಂಬ ಹಳೇ ಜಗಳವನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಎರಡರಲ್ಲೂ ಒಳ್ಳೆ ಚಿತ್ರ ಬರುತ್ತದೆ. ಖರ್ಚು ಯಾವಾಗ ಬೀಳುತ್ತದೆ, ಯಾರನ್ನು ನಂಬಿಕೊಂಡಿರಬೇಕು ಅನ್ನುವುದರಲ್ಲಿ ಮಾತ್ರ ಎರಡೂ ಪೂರ್ತಿ ಬೇರೆ.

ಆಗಸ್ಟ್‌ನ ಸುದ್ದಿ ನಿಜವಾಗಿ ಹೇಳಿದ್ದು

ಅಮೆರಿಕದಲ್ಲಿ ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಮುಂದಿನ 12 ತಿಂಗಳಲ್ಲಿ ದೊಡ್ಡ ಸಾಲ ತೀರಿಸುವ ಗಡುವು ಬರುವಂತಿದ್ದು, ಅದಕ್ಕೆ ಬೇಕಾದ ಹಣ ಇನ್ನೂ ಕೈಗೆ ಬಂದಿಲ್ಲ ಎಂದಾದರೆ, "ಕಂಪನಿ ಮುಂದುವರಿಯುವ ಬಗ್ಗೆ ಅನುಮಾನವಿದೆ" ಎಂದು ಬರೆಯಲೇಬೇಕು. ಅದು ನಿಯಮ. ಕೊಡಾಕ್ ಮೇಲೆ ಸುಮಾರು 50 ಕೋಟಿ ಡಾಲರ್ ಸಾಲ ಇತ್ತು. ಅದನ್ನು ತೀರಿಸಲು ಕಂಪನಿ ಒಂದು ದಾರಿ ಹುಡುಕಿಕೊಂಡಿತ್ತು. ಅದರ ಅಮೆರಿಕದ ಪಿಂಚಣಿ ನಿಧಿಯಲ್ಲಿ ನೌಕರರಿಗೆ ಕೊಡಬೇಕಾದ್ದಕ್ಕಿಂತ ಜಾಸ್ತಿ ಹಣ ಇತ್ತು. ಆ ಯೋಜನೆಯನ್ನು ಮುಗಿಸಿ, ಕೊಡಬೇಕಾದವರಿಗೆಲ್ಲ ಕೊಟ್ಟು, ಮಿಕ್ಕಿದ್ದರಲ್ಲಿ ಸಾಲ ತೀರಿಸುವುದು ಅದರ ಲೆಕ್ಕಾಚಾರ. ಆದರೆ ಆ ಕೆಲಸ ಪೂರ್ತಿಯಾಗಿ ಕಂಪನಿಯೊಬ್ಬರ ಕೈಯಲ್ಲಿರಲಿಲ್ಲ. ಹಾಗಾಗಿ ವರದಿಯಲ್ಲಿ ಆ ಸಾಲು ಸೇರಿತು. ಸುದ್ದಿ ಹರಡಿದ ಮೇಲೆ ಕೊಡಾಕ್, ಬಾಗಿಲು ಹಾಕುವ ಯೋಚನೆ ನಮಗಿಲ್ಲ ಎಂದು ಸ್ಪಷ್ಟಪಡಿಸಿತು.

ಅಂದರೆ ತೊಂದರೆ ಇದ್ದದ್ದು ಸಾಲದ ಗಡುವಿನಲ್ಲಿ. ಫಿಲ್ಮ್‌ಗೆ ಗಿರಾಕಿ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಇನ್ನೂ ಹೇಳಬೇಕೆಂದರೆ, 2024ರ ನವೆಂಬರ್‌ನಲ್ಲಿ ಕೊಡಾಕ್ ತನ್ನ ರಾಚೆಸ್ಟರ್ ಕಾರ್ಖಾನೆಯ ಫಿಲ್ಮ್ ವಿಭಾಗವನ್ನು ಕೆಲವು ವಾರ ನಿಲ್ಲಿಸಿದ್ದೇ ಯಂತ್ರಗಳನ್ನು ಸುಧಾರಿಸಿ ಜಾಸ್ತಿ ಫಿಲ್ಮ್ ಮಾಡುವುದಕ್ಕೆ.

ಒಂದೇ ಹೆಸರು, ಎರಡು ಕಂಪನಿ

ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಕೊಡಾಕ್ ಅಂದರೆ ಒಂದೇ ಕಂಪನಿ ಅಲ್ಲ. 2012ರ ಜನವರಿಯಲ್ಲಿ ಈಸ್ಟ್‌ಮನ್ ಕೊಡಾಕ್, ಅಂದರೆ ಮೂಲ ಕೊಡಾಕ್ ಕಂಪನಿ, ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಅದರಿಂದ ಹೊರಬರುವಾಗ, ಬ್ರಿಟನ್ನಿನ ಕೊಡಾಕ್ ನೌಕರರ ಪಿಂಚಣಿ ನಿಧಿಗೆ ಕೊಡಬೇಕಿದ್ದ ಭಾರೀ ಬಾಕಿಗೆ ಬದಲಾಗಿ ಸ್ಟಿಲ್ ಫಿಲ್ಮ್ (ಫೋಟೋ ಕ್ಯಾಮರಾಗೆ ಹಾಕುವ ರೀಲು) ಮಾರುವ ಹಕ್ಕು ಹೊಸ ಕಂಪನಿಯೊಂದಕ್ಕೆ ಹೋಯಿತು. ಅದರ ಹೆಸರು ಕೊಡಾಕ್ ಅಲಾರಿಸ್. ಅಲ್ಲಿಂದ ಮುಂದೆ ಫಿಲ್ಮ್ ತಯಾರಾಗುತ್ತಿದ್ದುದು ಈಸ್ಟ್‌ಮನ್ ಕೊಡಾಕ್ ಕಾರ್ಖಾನೆಯಲ್ಲಿ, ಅಂಗಡಿಗಳಿಗೆ ಮಾರುತ್ತಿದ್ದುದು ಅಲಾರಿಸ್. ಸಿನಿಮಾ ಫಿಲ್ಮ್ ಮಾತ್ರ ಈಸ್ಟ್‌ಮನ್ ಕೊಡಾಕ್ ಕೈಯಲ್ಲೇ ಉಳಿಯಿತು. 2024ರಲ್ಲಿ ಅಲಾರಿಸ್ ಅನ್ನು ಲೋನ್ ಸ್ಟಾರ್ ಎಂಬ ಹೂಡಿಕೆ ಸಂಸ್ಥೆ ಕೊಂಡುಕೊಂಡಿತು.

ಈ ಹಿನ್ನೆಲೆ ಗೊತ್ತಿದ್ದರೆ ಅಕ್ಟೋಬರ್‌ನ ಕೊಡಾಕಲರ್ ಸುದ್ದಿಯ ತೂಕ ತಿಳಿಯುತ್ತದೆ. ಹತ್ತು ವರ್ಷಕ್ಕೂ ಮೇಲೆ ಆದಮೇಲೆ, ಮಾಡುವವರೇ ಸ್ಟಿಲ್ ಫಿಲ್ಮನ್ನು ನೇರವಾಗಿ ವಿತರಕರಿಗೆ ಮಾರಲು ಇಳಿದರು. ಬೆಲೆ ಏರಿಳಿತ ಕಡಿಮೆಯಾಗಲಿ, ಸರಬರಾಜು ಸರಿಯಾಗಲಿ ಎಂಬುದು ಕೊಡಾಕ್ ಕೊಟ್ಟ ಕಾರಣ. ನಡುವೆ ಒಂದು ಕೈ ಕಡಿಮೆಯಾದರೆ ಲಾಭದ ಒಂದು ಪಾಲು ಉಳಿಯುತ್ತದೆ, ಸಾಲ ಇರುವ ಕಂಪನಿಗೆ ಅದು ಸಣ್ಣ ಮಾತಲ್ಲ.

ಡಿಜಿಟಲ್ ಹುಟ್ಟಿದ್ದೂ ಅದೇ ಮನೆಯಲ್ಲಿ

ಕೊಡಾಕ್ ಡಿಜಿಟಲ್ ಕಂಡುಹಿಡಿದು ಅದನ್ನು ಮುಚ್ಚಿಟ್ಟಿತು, ಅದಕ್ಕೇ ಹಾಳಾಯಿತು ಎಂಬ ಕತೆ ಎಲ್ಲರಿಗೂ ಬಾಯಿಪಾಠ. ಅರ್ಧ ನಿಜ. ಸ್ಟೀವ್ ಸ್ಯಾಸನ್ ಎಂಬ ಎಂಜಿನಿಯರ್ 1975ರಲ್ಲಿ ಅಲ್ಲೇ ಮೊದಲ ಡಿಜಿಟಲ್ ಕ್ಯಾಮರಾ ಕಟ್ಟಿದರು. ಮೂರೂವರೆ ಕಿಲೋಗೂ ಜಾಸ್ತಿ ತೂಕ. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು. ಮರುವರ್ಷ ಅದೇ ಕಂಪನಿಯ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಕೆಂಪು, ಹಸಿರು, ನೀಲಿ ಚೌಕಗಳ ವಿನ್ಯಾಸವೇ ಇವತ್ತಿಗೂ ಹೆಚ್ಚುಕಡಿಮೆ ಎಲ್ಲ ಫೋನು, ಕ್ಯಾಮರಾಗಳ ಸೆನ್ಸರ್ ಮೇಲೆ ಕೂತಿದೆ.

ಹೇಳದೆ ಬಿಟ್ಟುಬಿಡುವ ಇನ್ನರ್ಧ ಏನೆಂದರೆ, ಕೊಡಾಕ್ ಆಮೇಲೆ ಡಿಜಿಟಲ್ ಕ್ಯಾಮರಾ ಚೆನ್ನಾಗಿಯೇ ಮಾರಿತು. 2005ರಲ್ಲಿ ಅಮೆರಿಕದ ಮಾರಾಟದಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಆದರೆ ಫಿಲ್ಮ್ ವ್ಯಾಪಾರದ ಗುಟ್ಟು ಕ್ಯಾಮರಾದಲ್ಲಿ ಇರಲಿಲ್ಲ. ಒಮ್ಮೆ ಕ್ಯಾಮರಾ ಕೊಂಡವರು ಜೀವನಪೂರ್ತಿ ರೀಲು, ಕೆಮಿಕಲ್ಲು, ಪೇಪರ್ ಕೊಳ್ಳುತ್ತಲೇ ಇರುತ್ತಾರೆ, ದುಡ್ಡು ಬರುತ್ತಿದ್ದುದು ಅಲ್ಲಿಂದ. ಡಿಜಿಟಲ್‌ನಲ್ಲಿ ಆ ಬಾಬ್ತೇ ಇಲ್ಲ. ಕ್ಯಾಮರಾ ಮಾರಿದ ಮೇಲೆ ಮುಗಿಯಿತು. ಅಷ್ಟರಲ್ಲಿ ಫೋನು ಬಂತು, ಡಿಜಿಟಲ್ ಕ್ಯಾಮರಾವನ್ನೂ ಬಿಡಲಿಲ್ಲ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದ ಪ್ರಕಾರ 2010ರಲ್ಲಿ 12 ಕೋಟಿಗೂ ಜಾಸ್ತಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2024ರಲ್ಲಿ ಅದು ಸುಮಾರು 85 ಲಕ್ಷ.

ಹಾಗಾಗಿ "ಡಿಜಿಟಲ್ ಗೆದ್ದಿತು, ಫಿಲ್ಮ್ ಸೋತಿತು" ಅನ್ನುವುದು ಹದಿನೈದು ವರ್ಷ ಹಳೆಯ ಮಾತು. ಜನ ಫೋನಿನಲ್ಲೇ ಫೋಟೋ ತೆಗೆಯುತ್ತಾರೆ. ಇವತ್ತು ಬೇರೆ ಕ್ಯಾಮರಾ ಕೊಳ್ಳುವವರು, ಅದು ಯಾವುದೇ ಇರಲಿ, ಬೇಕು ಅಂತಲೇ ಕೊಳ್ಳುವವರು. ಫಿಲ್ಮ್ ಮರಳಿ ಬಂದದ್ದು ಈ ಬದಲಾದ ನೆಲದ ಮೇಲೆ.

ಸ್ವಲ್ಪವೇ ಮಾಡಲು ಆಗದ ವಸ್ತು

ಬೇಡಿಕೆ ಇದ್ದರೆ ಜಾಸ್ತಿ ಫಿಲ್ಮ್ ಮಾಡಿ ಬೆಲೆ ಇಳಿಸಲು ಯಾಕೆ ಆಗುತ್ತಿಲ್ಲ? ಇದು ಈ ಇಡೀ ವಿಷಯದ ಗಂಟು.

ಕಲರ್ ಫಿಲ್ಮ್ ನೋಡಲು ಸುಮ್ನೆ ಒಂದು ಪ್ಲಾಸ್ಟಿಕ್ ಪಟ್ಟಿ. ಆದರೆ ಆ ಪಟ್ಟಿಯ ಮೇಲೆ ಹತ್ತಕ್ಕೂ ಹೆಚ್ಚು ಪದರಗಳಿರುತ್ತವೆ. ಬೆಳ್ಳಿಯ ಲವಣದ ಹರಳುಗಳು, ಅವನ್ನು ಹಿಡಿದಿಡುವ ಜೆಲಾಟಿನ್, ಬಣ್ಣ ಹುಟ್ಟಿಸುವ ರಾಸಾಯನಿಕಗಳು, ನಡುವೆ ತಡೆಪದರಗಳು. ಎಲ್ಲ ಪದರ ಸೇರಿಸಿದರೂ ತಲೆಗೂದಲಿಗಿಂತ ತೆಳುವು. ಇಷ್ಟನ್ನೂ ಕಗ್ಗತ್ತಲಲ್ಲಿ, ಒಂದು ಕಣ ಧೂಳಿಲ್ಲದ ಕೋಣೆಯಲ್ಲಿ, ನಾಲ್ಕು ಅಡಿಗೂ ಜಾಸ್ತಿ ಅಗಲದ ಸಾವಿರಾರು ಅಡಿ ಉದ್ದದ ಹಾಳೆಯ ಮೇಲೆ ಒಂದೇ ಸಮ ಬಳಿಯಬೇಕು. ಆಮೇಲೆ ಅದನ್ನು ಸೀಳಿ, ತೂತು ಹಾಕಿ, ಡಬ್ಬಿಗೆ ಸುತ್ತುತ್ತಾರೆ. ಮನೆಯಲ್ಲಿ ನಾಲ್ಕು ಹಪ್ಪಳ ಲಟ್ಟಿಸಿದ ಹಾಗೆ ನಾಲ್ಕು ರೀಲು ಮಾಡಲು ಬರುವುದಿಲ್ಲ. ಮಾಡಿದರೆ ಲಕ್ಷಗಟ್ಟಲೆ, ಇಲ್ಲವಾದರೆ ಇಲ್ಲ.

ಈ ಯಂತ್ರಗಳನ್ನು ಕಟ್ಟಿದ್ದು ಫಿಲ್ಮ್ ಶಿಖರದಲ್ಲಿದ್ದ ಕಾಲಕ್ಕೆ, ಅಂದರೆ 2000ದ ಆಸುಪಾಸಿನ ಬೇಡಿಕೆಗೆ. ಬೇಡಿಕೆ ಬಿದ್ದ ಮೇಲೆ ಹೆಚ್ಚಿನವು ಕಳಚಿ ಗುಜರಿಗೆ ಹೋದವು. ಕೆಲಸ ಗೊತ್ತಿದ್ದವರು ನಿವೃತ್ತರಾದರು. ಉಳಿದ ಯಂತ್ರಗಳನ್ನು ಕಾಪಾಡಿದ್ದು ಒಂದು ಮಟ್ಟಿಗೆ ಸಿನಿಮಾ. ಕೊಡಾಕ್‌ನ ಸಿನಿಮಾ ಫಿಲ್ಮ್ ಮಾರಾಟ 2006ರಿಂದ 2014ರ ಹೊತ್ತಿಗೆ ನೂರಕ್ಕೆ 96ರಷ್ಟು ಕುಸಿದಿತ್ತು. ಆಗ ಫಿಲ್ಮ್ ಮೇಲೆ ಪ್ರೀತಿಯಿದ್ದ ಕೆಲವು ಹಾಲಿವುಡ್ ನಿರ್ದೇಶಕರು ಪಟ್ಟು ಹಿಡಿದರು. 2015ರಲ್ಲಿ ಆರು ದೊಡ್ಡ ಸ್ಟುಡಿಯೋಗಳು ಫಿಲ್ಮ್ ಕೊಳ್ಳುವ ಒಪ್ಪಂದ ಮಾಡಿಕೊಂಡವು. ಅದೇ ಕಾರ್ಖಾನೆಯಲ್ಲಿ ಬಳಿದ ಫಿಲ್ಮೇ ನಮ್ಮ ಕ್ಯಾಮರಾಗೂ ಬರುವುದು. ಆ ಒಪ್ಪಂದ ಆಗದಿದ್ದರೆ ಇವತ್ತು ಈ ಚರ್ಚೆಯೂ ಬಹುಶಃ ಇರುತ್ತಿರಲಿಲ್ಲ.

ಆಮೇಲೆ ಹೊಸ ಪೀಳಿಗೆಯವರಿಂದ ಬೇಡಿಕೆ ಏರಿತು, ಯಂತ್ರ ಮತ್ತು ಕೆಲಸಗಾರರು ಕಡಿಮೆ ಇದ್ದರು, ಹಾಗಾಗಿ ಬೆಲೆ ಮೇಲೆ ಮೇಲೆ ಹೋಯಿತು. ಫ್ಯೂಜಿಫಿಲ್ಮ್ ಇನ್ನೊಂದು ದಾರಿ ಹಿಡಿಯಿತು. 2021ರಲ್ಲಿ ಪ್ರೊ 400ಎಚ್ ಎಂಬ ಜನಪ್ರಿಯ ರೀಲನ್ನು ಕಚ್ಚಾವಸ್ತು ಸಿಗುತ್ತಿಲ್ಲ ಎಂದು ನಿಲ್ಲಿಸಿತು. ಅದರ ಆಸಕ್ತಿ ಈಗ ಇರುವುದು ತಕ್ಷಣ ಪ್ರಿಂಟ್ ಬರುವ ಇನ್‌ಸ್ಟಾಕ್ಸ್ ಮೇಲೆ, ಡಿಜಿಟಲ್ ಕ್ಯಾಮರಾಗಳ ಮೇಲೆ. ಇದರ ಜೊತೆಗೆ ಬೆಳ್ಳಿ. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿತು. ಪ್ರತಿ ರೀಲಿನಲ್ಲೂ ಬೆಳ್ಳಿ ಇದೆ.

ಒಂದು ಕ್ಲಿಕ್‌ಗೆ ಎಷ್ಟು?

ನಮ್ಮಲ್ಲಿ ಫಿಲ್ಮ್ ಪೂರ್ತಿ ಆಮದು. 36 ಚಿತ್ರಗಳ ಒಂದು ಕಲರ್ ರೀಲಿಗೆ ಸಾವಿರ ರೂಪಾಯಿ, ತೊಳೆಸಿ ಸ್ಕ್ಯಾನ್ ಮಾಡಿಸಲು 500 ಅಂತ ಇಟ್ಟುಕೊಳ್ಳಿ. ಒಂದು ಚಿತ್ರಕ್ಕೆ ಸುಮಾರು 42 ರೂಪಾಯಿ ಆಯಿತು. ತಿಂಗಳಿಗೆ ಎರಡು ರೀಲು ಮುಗಿಸುವವರಿಗೆ ವರ್ಷಕ್ಕೆ 36 ಸಾವಿರ. ಎರಡು ವರ್ಷಕ್ಕೆ ಒಂದು ಒಳ್ಳೆಯ ಡಿಜಿಟಲ್ ಕ್ಯಾಮರಾ ಬರುತ್ತದೆ.

ಕೈ ಕಚ್ಚುತ್ತದೆ, ನಿಜ. ಆದರೆ ತಿಂಗಳಿಗೆ ಎರಡಲ್ಲ, ವರ್ಷಕ್ಕೆ ನಾಲ್ಕೇ ರೀಲು ಸಾಕು ಅನ್ನುವವರಿಗೆ ಲೆಕ್ಕ ತಿರುಗುಮುರುಗು. ವರ್ಷಕ್ಕೆ 6 ಸಾವಿರ. ಹಳೇ ಕ್ಯಾಮರಾ ಮನೆಯಲ್ಲೇ ಇದ್ದರೆ ಬೇರೆ ಖರ್ಚಿಲ್ಲ. ಎಷ್ಟು ತೆಗೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 2024ರಲ್ಲಿ ಬಂದ ಪೆಂಟಾಕ್ಸ್ 17 ಇದೇ ಖರ್ಚನ್ನು ನೋಡಿ ಮಾಡಿದ ಹೊಸ ಫಿಲ್ಮ್ ಕ್ಯಾಮರಾ. ಅರ್ಧ ಫ್ರೇಮಿನಲ್ಲಿ ಚಿತ್ರ ಮೂಡುವುದರಿಂದ 36ರ ರೀಲಿನಲ್ಲಿ 72 ಸಿಗುತ್ತವೆ.

ಫಿಲ್ಮ್ ಬೇಕು ಅನ್ನುವವರ ವಾದ

ಇವರ ಮಾತನ್ನು ಬರೀ ಹಳೇ ನೆನಪಿನ ಮೋಹ ಅಂತ ತಳ್ಳಿಹಾಕುವುದು ತಪ್ಪು. ತಾಂತ್ರಿಕವಾಗಿ ಗಟ್ಟಿ ಕಾರಣ ಒಂದಿದೆ. ಕಲರ್ ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆ ಉಟ್ಟವರ ಫೋಟೋ ತೆಗೆದರೆ, ನೆಗೆಟಿವ್‌ನಲ್ಲಿ ಪಂಚೆಯ ಮಡಿಕೆ ಮೆಲ್ಲಗೆ ಉಳಿದಿರುತ್ತದೆ. ಡಿಜಿಟಲ್ ಸೆನ್ಸರ್‌ನಲ್ಲಿ ಒಂದು ಮಿತಿ ದಾಟಿದರೆ ಮುಗಿಯಿತು, ಅಲ್ಲಿ ಬರೀ ಬಿಳಿ. ಕತ್ತಲೆಯ ಕಡೆಗೆ ಲೆಕ್ಕ ಉಲ್ಟಾ. ಅಲ್ಲಿ ಡಿಜಿಟಲ್‌ನಿಂದ ತುಂಬ ವಿವರ ಹೊರತೆಗೆಯಬಹುದು, ಫಿಲ್ಮ್ ಮಣ್ಣುಮಣ್ಣಾಗುತ್ತದೆ.

ಎರಡನೆಯದು ತಾಳ್ಮೆ. 36 ಮಾತ್ರ ಇದ್ದಾಗ ಕಣ್ಣು ನಿಧಾನವಾಗುತ್ತದೆ, ಹಿಂದೆ ತಿರುಗಿಸಿ ಪರದೆ ನೋಡುವ ಚಟ ಇರುವುದಿಲ್ಲ. ಕಲಿಯುವವರಿಗೆ ಇದು ನಿಜಕ್ಕೂ ಉಪಯೋಗ.

ಆದರೆ "ಫಿಲ್ಮ್ ಬಣ್ಣವೇ ಬೇರೆ" ಎಂಬ ಮಾತನ್ನು ಸ್ವಲ್ಪ ಹುಷಾರಾಗಿ ಕೇಳಬೇಕು. ಮುಂಚೆ ನೆಗೆಟಿವ್‌ನಿಂದ ನೇರ ಪೇಪರ್ ಮೇಲೆ ಪ್ರಿಂಟ್ ಹಾಕುತ್ತಿದ್ದರು. ಈಗ ಬಹುತೇಕ ಎಲ್ಲರೂ ಸ್ಕ್ಯಾನ್ ಮಾಡಿಸಿ ಫೋನಿನಲ್ಲೇ ನೋಡುತ್ತಾರೆ. ಕಿತ್ತಳೆ ಬಣ್ಣದ ನೆಗೆಟಿವ್ ಅನ್ನು ಸಹಜ ಬಣ್ಣಕ್ಕೆ ತಿರುಗಿಸುವಾಗ ಸ್ಕ್ಯಾನರ್ ಯಂತ್ರ, ಅದರ ಸಾಫ್ಟ್‌ವೇರ್, ಲ್ಯಾಬಿನವರ ಕೈ ಮೂರೂ ಸೇರಿ ತೀರ್ಮಾನ ಮಾಡುತ್ತವೆ. ಒಂದೇ ರೀಲನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಬಣ್ಣ ಬರುವುದು ಇದಕ್ಕೇ. ನಾವು ಮೆಚ್ಚಿಕೊಳ್ಳುವ "ಫಿಲ್ಮ್ ಲುಕ್" ಒಂದಷ್ಟು ಫಿಲ್ಮಿನದ್ದು, ಒಂದಷ್ಟು ಕೊನೆಯ ಆ ಡಿಜಿಟಲ್ ಹೆಜ್ಜೆಯದ್ದು. ಹಾಗಾಗಿ ಬಣ್ಣವಷ್ಟೇ ಬೇಕಿದ್ದರೆ, ಹಳೇ ರೀಲುಗಳ ಬಣ್ಣವನ್ನು ಅನುಕರಿಸುವ ಡಿಜಿಟಲ್ ಕ್ಯಾಮರಾ ಸಾಕಾಗಬಹುದು. ಫ್ಯೂಜಿಯ ಎಕ್ಸ್100 ವಿಐ 2024ರಲ್ಲಿ ಬಂದಾಗ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದದ್ದಕ್ಕೆ ಈ ಬಣ್ಣಗಳೂ ಒಂದು ಕಾರಣ.

ಡಿಜಿಟಲ್ ಬಿಟ್ಟರೆ ಗತಿಯಿಲ್ಲದ ಕಡೆ

ಕರ್ನಾಟಕಕ್ಕೆ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆ ಇದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಹೆಸರು ಮಾಡಿದ್ದು ಫಿಲ್ಮ್ ಕಾಲದಲ್ಲೇ. ಆಗಿನ ಕಷ್ಟ ಊಹಿಸಿ. ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್‌ಗಳ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ತುಂಬ ಕಡಿಮೆ, ಕಾಡಿನ ಮುಂಜಾವಿನ ಮಬ್ಬು ಬೆಳಕಿಗೆ ಸಾಲದು. ಬೆಳಕಿನ ಅಂದಾಜು ಸ್ವಲ್ಪ ತಪ್ಪಿದರೂ ಸ್ಲೈಡ್ ಕೆಡುತ್ತದೆ. ಸರಿ ಬಂತೋ ಇಲ್ಲವೋ ತಿಳಿಯುವುದು ಊರಿಗೆ ಬಂದು ತೊಳೆಸಿದ ಮೇಲೆ. ಇವತ್ತು ಕಬಿನಿಯಲ್ಲಿ ಸೆಕೆಂಡಿಗೆ 20 ಚಿತ್ರ ತೆಗೆದು ಅಲ್ಲೇ ನೋಡುವವರು ಫಿಲ್ಮ್‌ಗೆ ಮರಳುವ ಮಾತೇ ಇಲ್ಲ.

ಮದುವೆ ಮನೆಯವರದ್ದೂ ಅದೇ. ಒಂದು ಮದುವೆಗೆ ಸಾವಿರಾರು ಚಿತ್ರ, ಧಾರೆ ಮುಗಿಯುವುದರೊಳಗೆ ನಾಲ್ಕು ಚಿತ್ರ ಫೋನಿಗೆ ಬರಬೇಕು. ಪತ್ರಿಕಾ ಛಾಯಾಗ್ರಾಹಕರಿಗೆ ನಿಮಿಷಗಳ ಲೆಕ್ಕ. ಹೊಟ್ಟೆಪಾಡಿಗೆ ಕ್ಯಾಮರಾ ಹಿಡಿದವರಿಗೆ ಆಯ್ಕೆ ಎಂದೋ ಮುಗಿದಿದೆ. ಚರ್ಚೆ ಉಳಿದಿರುವುದು ಹವ್ಯಾಸಿಗಳಿಗೆ, ಕಲಾವಿದರಿಗೆ ಮತ್ತು ಕಲಿಯುವವರಿಗೆ.

ಊಟಿಯಲ್ಲೊಂದು ಫಿಲ್ಮ್ ಕಾರ್ಖಾನೆ ಇತ್ತು

ಫಿಲ್ಮ್ ನಾವೇ ಮಾಡಿಕೊಳ್ಳಬಹುದಲ್ಲ ಅಂತ ಕೇಳುವವರಿದ್ದಾರೆ. ಮಾಡುತ್ತಿದ್ದೆವು. ಗುಂಡ್ಲುಪೇಟೆ ದಾಟಿ ಗೂಡಲೂರು ಹಾದು ಹೋದರೆ ಸಿಗುವ ಊಟಿಯಲ್ಲಿ ಸರ್ಕಾರದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಹುಟ್ಟಿತು, 1967ರಲ್ಲಿ ತಯಾರಿಕೆ ಶುರು ಮಾಡಿತು. "ಇಂದು" ಹೆಸರಿನ ಕಪ್ಪುಬಿಳುಪು ರೀಲು, ಪೇಪರ್, ಎಕ್ಸ್‌ರೇ ಫಿಲ್ಮ್ ಅಲ್ಲಿಂದ ದೇಶದ ತುಂಬ ಹೋಗುತ್ತಿದ್ದವು. 1990ರ ದಶಕದಲ್ಲಿ ಆಮದು ಸಡಿಲವಾಯಿತು, ಕಲರ್ ಎಲ್ಲೆಡೆ ಹಬ್ಬಿತು, ಹಿಂದೆಯೇ ಡಿಜಿಟಲ್ ಬಂತು. ನಷ್ಟ ಬೆಳೆಯುತ್ತ ಹೋಗಿ ಕಾರ್ಖಾನೆ ಮುಚ್ಚಿತು. ಫಿಲ್ಮ್ ಮಾಡುವ ವಿದ್ಯೆ ಒಮ್ಮೆ ಕಳೆದರೆ ಮತ್ತೆ ಕಟ್ಟುವುದು ಎಷ್ಟು ಕಷ್ಟ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ರೀಲು ಸಿಕ್ಕರೆ ಸಾಕೇ?

ಸಾಕಾಗುವುದಿಲ್ಲ. ಕೊಡಾಕ್ರೋಮ್ ಎಂಬ ಕೊಡಾಕ್ ಕಲರ್ ಸ್ಲೈಡ್ ಫಿಲ್ಮಿನ ಕತೆ ಇದನ್ನು ಹೇಳುತ್ತದೆ. 2009ರಲ್ಲಿ ಆ ಫಿಲ್ಮ್ ತಯಾರಿಕೆ ನಿಂತಿತು. ಅದನ್ನು ತೊಳೆಯುವ ವಿಧಾನ ಬಹಳ ತೊಡಕಿನದು, ಜಗತ್ತಿನಲ್ಲಿ ಕೊನೆಗೆ ಉಳಿದದ್ದು ಅಮೆರಿಕದ ಕನ್ಸಾಸ್‌ನ ಒಂದೇ ಲ್ಯಾಬ್. 2010ರ ಡಿಸೆಂಬರ್ 30 ಅವರು ರೀಲು ತೆಗೆದುಕೊಂಡ ಕೊನೆಯ ದಿನ. ಅದಾದ ಮೇಲೆ ತೊಳೆಯದೆ ಉಳಿದ ಕೊಡಾಕ್ರೋಮ್‌ನಿಂದ ಮೊದಲಿನ ಆ ಬಣ್ಣ ತೆಗೆಸಿಕೊಡುವ ಲ್ಯಾಬೇ ಇಲ್ಲ.

ನಮ್ಮಲ್ಲೂ ಫಿಲ್ಮ್ ಸರಪಳಿಯ ಸಡಿಲ ಕೊಂಡಿ ಇದೇ. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರದಲ್ಲೂ ಕಲರ್ ಲ್ಯಾಬ್ ಇತ್ತು. ಈಗ ಬೆಂಗಳೂರಿನಂಥ ದೊಡ್ಡ ಊರಿನವರು ಹೇಗೋ ದಾರಿ ಹುಡುಕಿಕೊಳ್ಳುತ್ತಾರೆ, ಉಳಿದವರಿಗೆ ಕೊರಿಯರ್ರೇ ಗತಿ. ಕಲರ್ ನೆಗೆಟಿವ್ ತೊಳೆಯುವ ಕೆಮಿಕಲ್ 38 ಡಿಗ್ರಿಯ ಆಸುಪಾಸಿನಲ್ಲಿ ಕದಲದೆ ಇರಬೇಕು, ದಿನವೂ ಒಂದಷ್ಟು ರೀಲು ಬರದಿದ್ದರೆ ಆ ಕೆಮಿಕಲ್ ಹಳಸುತ್ತದೆ. ಗಿರಾಕಿ ಕಡಿಮೆಯಾದರೆ ಕೆಲಸದ ಗುಣ ಇಳಿಯುತ್ತದೆ, ಗುಣ ಇಳಿದರೆ ಗಿರಾಕಿ ಇನ್ನೂ ಕಡಿಮೆ. ಕಪ್ಪುಬಿಳುಪಿಗೆ ಈ ಕಾಟ ಇಲ್ಲ, ಬಚ್ಚಲುಮನೆಯಲ್ಲೇ ತೊಳೆಯಬಹುದು. ಫಿಲ್ಮ್ ಶುರು ಮಾಡುವವರು ಕಪ್ಪುಬಿಳುಪಿನಿಂದಲೇ ಶುರು ಮಾಡುವುದು ಒಳ್ಳೆಯದು.

ಕ್ಯಾಮರಾ ರಿಪೇರಿಯದ್ದೂ ಇದೇ ಕತೆ. ಕ್ಯಾನನ್ 2018ರಲ್ಲಿ, ನಿಕಾನ್ 2020ರಲ್ಲಿ ತಮ್ಮ ಕೊನೆಯ ದೊಡ್ಡ ಫಿಲ್ಮ್ ಕ್ಯಾಮರಾಗಳನ್ನು ನಿಲ್ಲಿಸಿದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕಡಿಮೆ ಇರುವ, ಗೇರು ಸ್ಪ್ರಿಂಗುಗಳ ಮೇಲೆ ನಡೆಯುವ ಮಾಡೆಲ್ ನೋಡಬೇಕು. ಸರ್ಕ್ಯೂಟ್ ಸುಟ್ಟರೆ ಬಿಡಿಭಾಗ ಸಿಗುವುದಿಲ್ಲ, ಗೇರು ಸವೆದರೆ ಕೈಕಸುಬು ಗೊತ್ತಿದ್ದವರು ಏನಾದರೂ ಮಾಡಿಯಾರು. ವಿಮಾನದಲ್ಲಿ ಹೋಗುವವರು ರೀಲನ್ನು ಕೈಯಲ್ಲೇ ಪರೀಕ್ಷಿಸಿ ಎಂದು ಕೇಳಿಕೊಳ್ಳಬೇಕು. ಹೊಸ ಸಿಟಿ ಸ್ಕ್ಯಾನರ್‌ಗಳಲ್ಲಿ ಒಮ್ಮೆ ಹಾದರೂ ಫಿಲ್ಮ್ ಮಂಜುಗಟ್ಟಬಹುದು.

ಮುಂದೆ ಏನಾಗಬಹುದು?

ಕೊಡಾಕ್ ಒಂದರ ಮೇಲೆ ಬಿದ್ದ ಭಾರ ನಿಧಾನಕ್ಕೆ ಹಗುರಾಗುವ ಲಕ್ಷಣ ಇದೆ. ಇಂಗ್ಲೆಂಡಿನ ಹಾರ್ಮನ್ 2023ರ ಕೊನೆಯಲ್ಲಿ ತನ್ನ ಸ್ವಂತ ಕಲರ್ ಫಿಲ್ಮ್ ಫೀನಿಕ್ಸ್ ತಂದಿತು, 2025ರಲ್ಲಿ ಅದನ್ನು ಸುಧಾರಿಸಿತು. ಚೀನಾದ ಲಕ್ಕಿ ಕೂಡ 2025ರಲ್ಲಿ ಕಲರ್ ರೀಲಿಗೆ ಮರಳಿತು. ಇವು ಇನ್ನೂ ಕೊಡಾಕ್ ಮಟ್ಟಕ್ಕೆ ಬಂದಿಲ್ಲ. ಆದರೂ ನಾಲ್ಕು ಕಡೆ ಫಿಲ್ಮ್ ತಯಾರಾಗುತ್ತಿದ್ದರೆ ಒಂದು ಕಂಪನಿಯ ಸಾಲದ ಸುದ್ದಿಗೆ ಎಲ್ಲರೂ ಬೆಚ್ಚಿಬೀಳಬೇಕಿಲ್ಲ. ಫಿಲ್ಮ್ ಇದ್ದಕ್ಕಿದ್ದಂತೆ ಮಾಯವಾಗುವ ಸಾಧ್ಯತೆ ಕಡಿಮೆ, ಅಗ್ಗವಾಗುವ ಸಾಧ್ಯತೆ ಇನ್ನೂ ಕಡಿಮೆ.

ಡಿಜಿಟಲ್ ಕಡೆಯ ಅಪಾಯದ ಬಗ್ಗೆ ಮಾತ್ರ ನಾವು ಸಾಕಷ್ಟು ಮಾತಾಡುವುದಿಲ್ಲ. ಇಲ್ಲಿ ಖರ್ಚು ಆಮೇಲೆ ಬರುತ್ತದೆ, ಕಾಪಾಡುವ ಖರ್ಚು. 2005ರಿಂದ 2015ರ ನಡುವೆ ಮದುವೆಯಾದವರ ಮನೆಯಲ್ಲಿ ಒಮ್ಮೆ ನೋಡಿ. ಸ್ಟುಡಿಯೋದವರು ಕೊಟ್ಟ ಡಿವಿಡಿ ಇರುತ್ತದೆ. ಅದನ್ನು ಹಾಕಲು ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ, ಹಾಕಿದರೂ ಎಷ್ಟೋ ಡಿಸ್ಕು ಓದುವುದಿಲ್ಲ. ಹಾರ್ಡ್ ಡಿಸ್ಕು ಒಂದು ದಿನ ಮುನ್ಸೂಚನೆ ಇಲ್ಲದೆ ಕೈಕೊಡುತ್ತದೆ. ಅದಕ್ಕೇ ಬೇರೆ ಬೇರೆ ಜಾಗದಲ್ಲಿ ಎರಡು ಪ್ರತಿ, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾವಣೆ ಬೇಕೇ ಬೇಕು. ಅದೇ ಮನೆಯ ಟ್ರಂಕಿನಲ್ಲಿ 1985ರ ನೆಗೆಟಿವ್ ಇದ್ದರೆ ಕಿಟಕಿಗೆ ಹಿಡಿದರೆ ಸಾಕು, ಮುಖಗಳು ಕಾಣುತ್ತವೆ.

ಹಾಗಂತ ನೆಗೆಟಿವ್ ಕೂಡ ಚಿರಂಜೀವಿ ಅಲ್ಲ. ಅದರ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಸೆಕೆ ಮತ್ತು ತೇವಕ್ಕೆ ಕೊಳೆಯುತ್ತದೆ, ಕೊಳೆಯುವಾಗ ವಿನೆಗರ್ ವಾಸನೆ ಬರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟೂ ಸೇರಿಕೊಳ್ಳುತ್ತದೆ. ಹೊಸ ಕ್ಯಾಮರಾ ಯಾವುದು ಕೊಳ್ಳಬೇಕು ಎಂಬ ಯೋಚನೆಗೆ ಟೈಮ್ ಇದೆ, ಮನೆಯ ಹಳೇ ನೆಗೆಟಿವ್‌ಗಳಿಗೆ ಅಷ್ಟು ಟೈಮ್ ಇಲ್ಲ. ಆ ಹುಳಿ ವಾಸನೆ ಬರುವ ರೀಲುಗಳನ್ನು ಮೊದಲು ಬೇರೆ ಡಬ್ಬಿಗೆ ಹಾಕಿ, ಯಾಕೆಂದರೆ ಅದರಿಂದ ಏಳುವ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಚೀಲ ಬಿಟ್ಟು ಕಾಗದದ ಕವರಿನಲ್ಲಿ, ಒಣ ಜಾಗದಲ್ಲಿ ಇಡಿ. ಆಮೇಲೆ ಒಂದೊಂದಾಗಿ ಸ್ಕ್ಯಾನ್ ಮಾಡಿಸಿ, ಅಜ್ಜ ಅಜ್ಜಿಯರ ಹೆಸರು, ಊರು, ವರ್ಷ ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.